ಯಾಕೆ ಅಂತ ಕೇಳದವನು

ಎಂಟಡಿ ನೀರಿನ ತಳದಲ್ಲಿ ಮಂಡಿಯೂರಿ ಕೂತಿದ್ದ ಶ್ಯಾಮಲಾಗೆ ಇದ್ದಕ್ಕಿದ್ದಂತೆ ಸಾಕೆನಿಸಿತು.

ಭಯವೇನಲ್ಲ. ನೀರಿಗೆ ಹೆದರುವ ಹೆಣ್ಣೇ ಅಲ್ಲ ಅವಳು. ಸರ್ಜಾಪುರದ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಹೊಲದ ಬಾವಿಗೆ ಧುಮುಕಿ ಈಜು ಕಲಿತವಳು. ಈಗ ಆ ಬಾವಿಯೂ ಇಲ್ಲ, ಹೊಲವೂ ಇಲ್ಲ. ಅದೇ ಜಾಗದಲ್ಲಿ ಎದ್ದು ನಿಂತ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಅವಳೇ ಲೈಫ್‌ಗಾರ್ಡ್, ಅವಳೇ ಕೋಚ್. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಬ್ಯಾಚು, ಹೆಂಗಸರ ಬ್ಯಾಚು, ಮತ್ತೆ ಮಕ್ಕಳ ಬ್ಯಾಚು. ಕೂದಲಿಗೆ ಅಂಟಿದ ಕ್ಲೋರಿನ್ ವಾಸನೆ ಯಾವ ಶಾಂಪೂಗೂ ಬಗ್ಗುತ್ತಿರಲಿಲ್ಲ.

ಇವತ್ತು ಮಾತ್ರ ಬೆನ್ನ ಮೇಲೆ ಗಾಳಿಯ ಸಿಲಿಂಡರು, ಬಾಯಲ್ಲಿ ರಬ್ಬರಿನ ನಳಿಗೆ. ಎದುರಿಗೆ ಈರೇಶ್. ಭಾನುವಾರ ಮಧ್ಯಾಹ್ನ ಈ ಕೊಳವನ್ನು ಬಾಡಿಗೆಗೆ ಪಡೆದು ಐಟಿ ಕಂಪನಿಯವರಿಗೆ ಸ್ಕೂಬಾ ಹೇಳಿಕೊಡುವವನು. ಹೆಂಗಸರ ಸಹಾಯಕ್ಕೆ ಒಬ್ಬರು ಹೆಂಗಸು ಬೇಕು, ನೀವು ಕಲಿಯುತ್ತೀರಾ ಎಂದು ಕೇಳಿದ್ದ. ಅವಳು ಹೂಂ ಎಂದಿದ್ದಳು. ಅವರ ಪರಿಚಯ ಅಷ್ಟೇ.

ಕೆಳಗೆ ಬೇರೆ ಸದ್ದೇ ಇಲ್ಲ. ತನ್ನ ಉಸಿರಿನ ಸದ್ದೊಂದೇ. ಎಷ್ಟೋ ವರ್ಷಗಳಿಂದ ಅವಳು ತನ್ನ ಉಸಿರನ್ನು ಹೀಗೆ ಕೂತು ಕೇಳಿರಲಿಲ್ಲ. ಕೇಳುತ್ತಾ ಕೇಳುತ್ತಾ ಒಳಗಿದ್ದ ಸುಸ್ತೆಲ್ಲಾ ಒಟ್ಟಿಗೆ ಅಳುವಾಗಿ ಉಕ್ಕಿ ಬಂತು. ನಳಿಗೆ ಕಚ್ಚಿಕೊಂಡು ಅಳುವುದಾದರೂ ಹೇಗೆ? ಮೇಲೆ ಹೋಗೋಣ ಎಂದು ಕೈಸನ್ನೆ ಮಾಡಿಬಿಟ್ಟಳು.

ಅವನು ಒಂದು ಕ್ಷಣವೂ ತಡಮಾಡದೆ ಅವಳ ಜೊತೆಗೇ ಮೇಲೆದ್ದ.

"ಅದು... ಬೆಳಗ್ಗೆ ತಿಂಡಿ ಸರಿಯಾಗಿ ತಿಂದಿರ್ಲಿಲ್ಲ. ಅದಕ್ಕೇ ಒಂಥರಾ..." ಶ್ಯಾಮಲಾ ನೆಪ ಹುಡುಕತೊಡಗಿದಳು.

"ಹೇಳ್ಬೇಕಾಗಿಲ್ಲ ಮೇಡಂ."

"ಅಂದ್ರೆ?"

"ಡೈವಿಂಗ್‌ನಲ್ಲಿ ಹಂಗೇ ರೀ. ಯಾರು ಯಾವಾಗ ಬೇಕಾದ್ರೂ ಸಾಕು ಅನ್ನಬಹುದು. ಜೊತೆಗಿದ್ದೋರು ಯಾಕೆ ಅಂತ ಕೇಳಂಗಿಲ್ಲ. ಸುಮ್ನೆ ಜೊತೆಗೆ ಮೇಲೆ ಬರ್ಬೇಕು."

ಶ್ಯಾಮಲಾ ಡೈವಿಂಗ್ ಕನ್ನಡಕ ಸರಿಸಿ ಅವನನ್ನೇ ನೋಡಿದಳು.

ನೋಡಿ, ಬೇರೆ ಯಾರಾದರೂ ಆಗಿದ್ದರೆ ಈ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಆದರೆ ಈ ಹುಡುಗಿಯ ಬದುಕನ್ನು ಅರೆದು ಹಾಕಿದ್ದೇ ಆ ಒಂದು ಪದ. ಯಾಕೆ ಲೇಟು, ಯಾಕೆ ನಕ್ಕೆ, ಯಾಕೆ ಆ ಸೀರೆ, ಯಾಕೆ ಫೋನ್ ಎತ್ತಲಿಲ್ಲ... ಗಂಡ ಎನಿಸಿಕೊಂಡಿದ್ದವನು ಮೂರು ಹೊತ್ತೂ ಕೇಳುತ್ತಿದ್ದ. ಉತ್ತರ ಕೊಟ್ಟರೂ ಏಟು, ಕೊಡದಿದ್ದರೂ ಏಟು. ಕೋರ್ಟಿಗೆ ಅಲೆದು, ಬಿಡುಗಡೆ ಪಡೆದು ತವರಿಗೆ ಬಂದರೆ ಅಮ್ಮ ಭದ್ರಮ್ಮನದೂ ಅದೇ ರಾಗ.

"ಯಾಕಮ್ಮಿ ಇಂಗೆ ಕುಂತಿದ್ದೀಯ? ಯಾಕೆ ಉಂಡಿಲ್ಲ? ಯಾಕೆ ಇಷ್ಟೊತ್ತಾಯ್ತು?"

ಅಂಥವಳ ಎದುರು, ಕೊಳದ ಅಂಚು ಹಿಡಿದು ತೇಲುತ್ತಾ, ಒಬ್ಬ ಗಂಡಸು ಹೇಳುತ್ತಿದ್ದಾನೆ, ಕಾರಣ ಬೇಡ ಎಂದು.

"ಇನ್ನೊಂದ್ಸಲ ಕೆಳಗೆ ಹೋಗೋಣ," ಎಂದಳು ಶ್ಯಾಮಲಾ. ತನ್ನ ದನಿ ತನಗೇ ಹೊಸದೆನಿಸಿತು.

* * *

ಈರೇಶ್ ಇರುವುದು ಚಿಕ್ಕಬಾಣಾವರದಲ್ಲಿ. ಅಲ್ಲಿಂದ ಹೊರಟು, ಪೀಣ್ಯದ ಶೆಡ್ಡಿನಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬಿಸಿಕೊಂಡು, ಗೂಡ್ಸ್ ಆಟೋದಲ್ಲಿ ಸರ್ಜಾಪುರ ಮುಟ್ಟುವುದೆಂದರೆ ಇನ್ನೊಂದು ಜಿಲ್ಲೆಗೆ ಹೋದಂತೆ. ಬಂದವನು ಮೊದಲು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಶ್ಯಾಮಲಾ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದಳು. ಇಬ್ಬರೂ ದಣಿದವರೇ. ದಣಿದವರಿಗೆ ಕಡಿಮೆ ಮಾತೇ ಸಾಕಾಗುತ್ತದೆ.

"ನೀವು ಇದಕ್ಕೆ ಹೇಗೆ ಬಂದ್ರಿ?" ಒಂದು ದಿನ ಅವಳೇ ಕೇಳಿದಳು.

"ನಮ್ಮಪ್ಪ ಮಲಕಪ್ಪ ಅಂತ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದೋನು. ಈಜುಕೊಳಕ್ಕೆ ಟೈಲ್ಸ್ ಹಾಕ್ತಿದ್ದ. ನಾವು ಅದರೊಳಗೇ ಆಡ್ಕೊಂಡು ಬೆಳೆದ್ವಿ. ನೀರು ತುಂಬೋ ಹೊತ್ತಿಗೆ ನಮ್ಮನ್ನ ಅಲ್ಲಿಂದ ಎಬ್ಬಿಸಿಬಿಡೋರು." ಈರೇಶ್ ನಕ್ಕ. "ನಾನು ಆಡಿದ ಜಾಗ ನೀರೊಳಗೆ ಹೆಂಗೆ ಕಾಣ್ತದೆ ಅಂತ ನೋಡ್ಬೇಕಿತ್ತು ರೀ."

ಅವನು ತಿರುಗಿ ಅವಳ ಬಗ್ಗೆ ಏನನ್ನೂ ಕೇಳಲಿಲ್ಲ. ಅದಕ್ಕೇ ಏನೋ, ಅವಳೇ ಸ್ವಲ್ಪ ಸ್ವಲ್ಪ ಹೇಳಿಕೊಂಡಳು. ಮದುವೆ, ಗಂಡನ ಅನುಮಾನ, ಅವನ ಮುಗಿಯದ ಯಾಕೆಗಳು, ಕೋರ್ಟು. ಅವನು ಕೇಳಿಸಿಕೊಂಡ. ಏಟುಗಳ ವಿಷಯ ಮಾತ್ರ ಅವಳ ಬಾಯಿಂದ ಹೊರಡಲಿಲ್ಲ.

ಚಳಿಗಾಲದಲ್ಲಿ ಅವನ ತಂಡ ಅಂಡಮಾನಿಗೆ ಹೊರಟಿತು. ಹವಳದ ದಿಬ್ಬಗಳಿರುವ ಕಡಲ ಅಭಯಾರಣ್ಯಕ್ಕೆ. ಸಹಾಯಕಿಯಾಗಿ ಶ್ಯಾಮಲಾಳನ್ನೂ ಕರೆದ.

"ಒಂದು ಮಾತು ಮಾತ್ರ ಎಲ್ಲರಿಗೂ ಕೇಳ್ಲೇಬೇಕು ರೀ. ಕಿವಿ ತೊಂದರೆ ಏನಾದ್ರೂ ಇದೆಯಾ? ಹಳೇ ಗಾಯ, ಸೋರೋದು?"

ಶ್ಯಾಮಲಾಳ ಕೈ ತಾನಾಗಿ ಎಡಗಿವಿಯತ್ತ ಹೋಗಿ, ಕೂದಲು ಸರಿಪಡಿಸುವಂತೆ ನಟಿಸಿತು. ಮದುವೆಯಾದ ಹೊಸದರಲ್ಲಿ ಬಿದ್ದ ಹೊಡೆತಕ್ಕೆ ಆ ಕಿವಿಯಿಂದ ರಕ್ತ ಬಂದಿತ್ತು. ಈಗ ಮಾಗಿದೆ. ಇದೆ ಎಂದರೆ ಹೇಗಾಯಿತು ಎಂದು ಹೇಳಬೇಕಲ್ಲ?

"ಇಲ್ಲ," ಎಂದಳು.

* * *

ಸಮುದ್ರದ ಕೆಳಗಿನ ಆ ಲೋಕವನ್ನು ಶ್ಯಾಮಲಾ ಸಾಯುವವರೆಗೂ ಮರೆಯಲಾರಳು.

ಹೂಕೋಸಿನಂಥ ಹವಳ, ಜಿಂಕೆಯ ಕೊಂಬಿನಂಥ ಹವಳ. ಗಿಣಿಯಂಥ ಮೂತಿಯ ಮೀನುಗಳು ಹವಳವನ್ನು ಕಟಕಟ ಕಡಿಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಲ್ಲಿ ಏನನ್ನೂ ಮುಟ್ಟುವಂತಿಲ್ಲ, ಒಂದು ಚಿಪ್ಪನ್ನೂ ತರುವಂತಿಲ್ಲ. ಕೈಕಟ್ಟಿಕೊಂಡು ತೇಲುತ್ತಾ ನೋಡಬೇಕು, ಅಷ್ಟೇ. ಯಾರೂ ಏನನ್ನೂ ಮಾಡಬೇಕಾಗಿಲ್ಲದ ಒಂದು ಜಾಗ ಈ ಭೂಮಿಯ ಮೇಲೆ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಒಂದು ಕಡೆ ಇಡೀ ದಿಬ್ಬ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ದೋಣಿ ಹತ್ತಿದ ಮೇಲೆ ಅವಳು ಕೇಳಿದಳು. "ಅದು ಸತ್ತೋಗಿದೆಯಾ?"

"ಇಲ್ಲ ರೀ. ಸುಸ್ತಾಗಿದೆ. ನೀರು ಬಿಸಿಯಾದ್ರೆ ಹಂಗಾಗ್ತದೆ. ತಣ್ಣಗಾದ್ರೆ ಮತ್ತೆ ಬಣ್ಣ ಬರ್ತದೆ."

"ಬರದೆ ಇದ್ರೆ?"

"ಕಾಯೋದು. ಬೇರೆ ಏನಿದೆ ನಮ್ಮ ಕೈಲಿ?"

ಅವನು ಹವಳದ ಮಾತೇ ಆಡುತ್ತಿದ್ದ. ಅವಳಿಗೆ ಮಾತ್ರ ಕಣ್ಣು ತುಂಬಿ ಬಂತು.

ಕೊನೆಯ ದಿನ ಸ್ವಲ್ಪ ಆಳಕ್ಕೆ ಇಳಿಯುವುದಿತ್ತು. ಅಲ್ಲೊಂದು ಮುದಿ ಆಮೆ ಹವಳದ ಸಂದಿಯಲ್ಲಿ ಬಂದು ಮಲಗುತ್ತದಂತೆ. ಅದನ್ನು ನಿಮಗೆ ತೋರಿಸಲೇಬೇಕು ಎಂದು ಈರೇಶ್ ಬೆಂಗಳೂರಿನಿಂದಲೇ ಹೇಳುತ್ತಿದ್ದ. ಇನ್ನೇನು ಆ ಸಂದಿ ಕಾಣಬೇಕು, ಅಷ್ಟರಲ್ಲಿ ಶ್ಯಾಮಲಾಳ ಎಡಗಿವಿಗೆ ಸೂಜಿ ಚುಚ್ಚಿದಂತಾಗಿ ಸಮುದ್ರವೆಲ್ಲಾ ಗಿರ್ರನೆ ತಿರುಗಿತು. ಮೇಲೆ ಹೋಗೋಣ ಎಂದು ಸನ್ನೆ ಮಾಡಿದಳು.

ಅವನು ಸಂದಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ತೋಳು ಹಿಡಿದು, ನಿಧಾನವಾಗಿ, ಅವಳ ಕಣ್ಣನ್ನೇ ನೋಡುತ್ತಾ ಮೇಲೆ ಕರೆತಂದ. ದೋಣಿಯಲ್ಲಿ ಟವೆಲ್ ಹೊದಿಸಿ, ಬಿಸಿ ಟೀ ಕೈಗಿಟ್ಟು ಪಕ್ಕದಲ್ಲಿ ಕೂತ. ಯಾಕೆ ಎಂದು ಕೇಳಲಿಲ್ಲ.

ದೇವರೇ, ಇಂಥವನ ಜೊತೆ ಒಂದು ಜನ್ಮ ಕಳೆದುಬಿಡಬಹುದಲ್ಲ... ಕಿವಿ ಸಿಡಿಯುವ ನೋವಿನಲ್ಲೂ ಅವಳಿಗೆ ಅನಿಸಿದ್ದು ಅದೇ.

ಆ ಸಂಜೆ ದಡದಲ್ಲಿ ಅವನು ತಡವರಿಸುತ್ತಾ ಹೇಳಿದ.

"ಇಲ್ಲಿನ ಡೈವ್ ಸೆಂಟರ್‌ನೋರು ನನ್ನನ್ನ ಇಲ್ಲೇ ಬಂದು ಇರು ಅಂತಿದ್ದಾರೆ. ಹೆಂಗಸರನ್ನ ನೀರಿಗಿಳಿಸೋಕೆ ಇನ್ನೊಬ್ರು ಬೇಕಂತೆ. ನೀವು... ಬರ್ತೀರಾ?"

"ಕೆಲಸಕ್ಕಾ?"

"ಕೆಲಸಕ್ಕೂ ರೀ." ಅವನು ಮರಳನ್ನು ಕೆದಕುತ್ತಾ ಕೂತ. "ಮದುವೆ ಆಗಿ ಹೋಗೋಣ ಅಂತ. ನಿಮಗೆ ಇಷ್ಟ ಇದ್ರೆ."

ಅವನು ಕೆದಕಿದ ಮರಳನ್ನು ಶ್ಯಾಮಲಾ ಅಂಗೈಯಿಂದ ಸಮ ಮಾಡಿದಳು. ಆಮೇಲೆ ಹೂಂ ಎಂದಳು.

* * *

"ಹಳೇ ಗಾಯ ಇತ್ತಾ?" ಸರ್ಜಾಪುರದ ಕಿವಿ ಡಾಕ್ಟರು ಕೇಳಿದರು. "ಕಿವಿ ತಮಟೆ ಮತ್ತೆ ಹರಿದಿದೆ. ವಾಸಿಯಾಗುತ್ತೆ. ಆದ್ರೆ ಸ್ಕೂಬಾ ಇನ್ನು ಮರೆತುಬಿಡಿ. ಮೇಲೆ ಮೇಲೆ ಈಜಬಹುದು, ಅದೂ ಪೂರ್ತಿ ಮಾಗಿದ ಮೇಲೆ."

ಆಸ್ಪತ್ರೆಯಿಂದ ಹೊರಬಂದು ಬಸ್‌ಸ್ಟಾಪಿನಲ್ಲಿ ಕೂತವಳಿಗೆ ಎದ್ದು ಬಸ್ಸು ಹತ್ತುವಷ್ಟೂ ತ್ರಾಣ ಇರಲಿಲ್ಲ.

ಆ ಮನುಷ್ಯ ಹೊಡೆದದ್ದು ಯಾವಾಗಲೋ. ಏಟು ಮಾತ್ರ ಈಗಲೂ ಬೀಳುತ್ತಿದೆ.

ಈರೇಶ್ ಕರೆದದ್ದು ನೀರಿಗಿಳಿಯುವ ಶ್ಯಾಮಲಾಳನ್ನು. ದಡದಲ್ಲಿ ಕೂರುವವಳನ್ನು ಕಟ್ಟಿಕೊಂಡು ಅವನೇನು ಮಾಡಬೇಕು? ಹೇಳಿದರೆ ಪಾಪ ಎಂದು ಮದುವೆಯಾಗುತ್ತಾನೆ. ಇಲ್ಲವೇ ಅಂಥ ಕೆಲಸವನ್ನೇ ಬಿಟ್ಟು ಇಲ್ಲಿ ಉಳಿಯುತ್ತಾನೆ. ಎರಡೂ ಬೇಡ. ಸಾಕು ಎಂದುಬಿಡಬೇಕು.

ಹಾಗೆಂದು ನಿರ್ಧರಿಸಿದರೂ ಒಳಗೊಂದು ಆಸೆ ಪಿಸುಗುಟ್ಟುತ್ತಲೇ ಇತ್ತು. ಯಾಕೆ ಅಂತ ಒಂದು ಸಲ ಕೇಳಿದರೆ ಸಾಕು, ಎಲ್ಲವನ್ನೂ ಹೇಳಿಬಿಡುತ್ತೇನೆ.

ಅಪಾರ್ಟ್‌ಮೆಂಟಿನ ಎದುರಿನ ಬೇಕರಿಯ ಮುಂದೆ ಇಬ್ಬರೂ ಟೀ ಹಿಡಿದು ನಿಂತಿದ್ದರು. ರಸ್ತೆ ತುಂಬಾ ಕಂಪನಿ ಬಸ್ಸುಗಳು, ದೂಳು.

"ನಾನು ಬರಲ್ಲ ಈರೇಶ್. ನಮ್ಮದು ಇಲ್ಲಿಗೆ ಸಾಕು."

ತುಟಿಯವರೆಗೆ ಹೋಗಿದ್ದ ಲೋಟವನ್ನು ಅವನು ಕೆಳಗಿಳಿಸಿದ. ಬಾಯಿ ತೆರೆದ. ಶ್ಯಾಮಲಾ ಉಸಿರು ಬಿಗಿಹಿಡಿದಳು.

ಕೇಳು... ಕೇಳು ಮಾರಾಯ...

"ಸರಿ ರೀ," ಎಂದ ಅವನು.

ಅಷ್ಟೇ. ಲೋಟವನ್ನು ಕಟ್ಟೆಯ ಮೇಲಿಟ್ಟು, ತಲೆತಗ್ಗಿಸಿ, ಬೈಕ್ ಹತ್ತಿ ಹೊರಟೇಹೋದ. ತಿರುವಿನಲ್ಲಾದರೂ ತಿರುಗಿ ನೋಡುತ್ತಾನೆ ಎಂದು ಕಾದಳು. ಅವನು ನೋಡಲಿಲ್ಲ.

ಹಾಳಾದ ಶಿಸ್ತು. ಹೆಣ್ಣೊಬ್ಬಳು ಬೇಡ ಎಂದರೆ ಬೇಡವೆಂದೇ ಅರ್ಥ ಎಂದು ನಂಬುವ ಗಂಡಸರು ಊರಿಗೆ ಬೇಕು, ನಿಜ. ಆದರೆ ಆ ಸಂಜೆ ಬೇಕರಿಯ ಮುಂದೆ ನಿಂತಿದ್ದ ಶ್ಯಾಮಲಾಗೆ ಅವನ ಸಭ್ಯತೆಯನ್ನು ಎತ್ತಿ ರಸ್ತೆಗೆ ಬಿಸಾಡುವಷ್ಟು ಸಂಕಟವಾಯಿತು. ನನ್ನಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ, ಅದಕ್ಕೇ ಇಷ್ಟು ಸುಲಭವಾಗಿ ಬಿಟ್ಟ ಎಂದುಕೊಂಡಳು.

* * *

ದಿನಗಳು ಒಂದರ ಹಿಂದೊಂದು ಉರುಳಿದವು. ಕೂದಲು ಇಳಿಬಿಟ್ಟು ಕಿವಿಯ ಹತ್ತಿಯನ್ನು ಮುಚ್ಚಿಕೊಂಡು ಶ್ಯಾಮಲಾ ಕೊಳದ ದಡದ ಕುರ್ಚಿಯಲ್ಲಿ ಕೂರುತ್ತಿದ್ದಳು. ನೀರಿಗಿಳಿಯುವ ಕೆಲಸವನ್ನು ಇನ್ನೊಬ್ಬ ಕೋಚ್ ನೋಡಿಕೊಳ್ಳುತ್ತಿದ್ದ. ಭಾನುವಾರಗಳಂದು ರಜೆ ಹಾಕುತ್ತಿದ್ದಳು.

ಮನೆಯಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಾಗ ಭದ್ರಮ್ಮ ಶುರುಮಾಡಿದಳು.

"ಯಾಕಮ್ಮಿ ಉಣ್ತಿಲ್ಲ? ಯಾಕೆ ಆ ಸಿಲಿಂಡರ್ ಹುಡುಗ ಈಗ ಪೋನ್ ಮಾಡಲ್ಲ?"

"ಅಮ್ಮಾ, ನಿನಗೆ ಕೇಳಿ ಕೇಳಿ ಸಾಕಾಗಲ್ವಾ? ಒಂದ್ಸಲನಾದ್ರೂ ಸುಮ್ನಿರೋಕೆ ಬರಲ್ವಾ?"

ಭದ್ರಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಒಂದ್ಸಲ ಸುಮ್ಕಿದ್ದೆ ಕಣಮ್ಮಿ. ಮದ್ವೆ ಆದ್ ವರ್ಸ ಅಬ್ಬಕ್ಕೆ ಬಂದಾಗ ಕಿವಿಗೆ ಅತ್ತಿ ಮಡಿಕ್ಕೊಂಡು ಬಂದಿದ್ದೆ. ನೋಡ್ದೆ. ಗಂಡ ಎಂಡ್ತಿ ವಿಸ್ಯ, ನಾನ್ಯಾಕೆ ಕೇಳ್ಲಿ ಅಂತ ಸುಮ್ಕಾದೆ. ಅವತ್ತು ಯಾಕೆ ಅಂತ ಕೇಳಿದ್ದಿದ್ರೆ ನೀನು ವಾಪಸ್ ಓಗ್ತಾನೇ ಇರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕೇ ಈಗ ಎಲ್ಲಾನೂ ಕೇಳ್ತೀನಿ. ನಿನಗೆ ಬೇಜಾರಾದ್ರೂ ಕೇಳ್ತೀನಿ. ಇವತ್ತೂ ಅದೇ ಕಿವೀಲಿ ಅತ್ತಿ ಐತೆ. ಯಾಕೆ?"

ಶ್ಯಾಮಲಾಳ ಎದೆಯ ಕಟ್ಟೆ ಒಡೆಯಿತು. ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸಮುದ್ರ, ಕಿವಿ, ಡಾಕ್ಟರು, ಬೇಕರಿ, ಎಲ್ಲವನ್ನೂ ಹೇಳಿದಳು.

ಗಂಡನೂ ಅದೇ ಪದವನ್ನು ಕೇಳುತ್ತಿದ್ದ, ಅಮ್ಮನೂ ಅದನ್ನೇ ಕೇಳುತ್ತಾಳೆ. ಅವನು ಕೇಳುತ್ತಿದ್ದದ್ದು ಹಿಡಿದು ಹಾಕಲು. ಇವಳು ಕೇಳುವುದು ಹಿಡಿದುಕೊಳ್ಳಲು. ಇಷ್ಟು ವರ್ಷ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆನಲ್ಲ!

"ಓಗಿ ಹೇಳು ಅವನಿಗೆ," ಎಂದಳು ಭದ್ರಮ್ಮ, ಮಗಳ ತಲೆ ಸವರುತ್ತಾ. "ಅವನು ಕೇಳದೆ ಇದ್ರೂ ಹೇಳು."

"ನಾನು ಹೋದ್ರೆ ನೀನು?"

"ನನಗೇನಾಗೈತೆ? ಈ ವಠಾರದಾಗೆ ನನ್ನ ಬಾಡಿಗೆಯೋರೇ ಒಂದು ಊರಷ್ಟವ್ರೆ. ಮೇಲಿನ ರೂಮಿನ ದೇವಕ್ಕ ದಿನಾ ಇಲ್ಲೇ ಬಿದ್ದಿರ್ತಾಳೆ. ನೀನು ಉಣ್ಣು ಮೊದ್ಲು."

* * *

ಆ ಭಾನುವಾರ ಈರೇಶನ ಕೊನೆಯ ತರಗತಿ. ಕ್ಲಾಸು ಮುಗಿಸಿ ಸಾಮಾನು ಕಟ್ಟಿದರೆ ಅವನು ದ್ವೀಪದವನು. ಹಾಗೆಂದು ವಾಚ್‌ಮನ್ ಹೇಳಿದ.

ಶ್ಯಾಮಲಾ ಕುರ್ಚಿಯಲ್ಲಿ ಕೂತಿದ್ದಳು. ಕ್ಲಾಸು ಮುಗಿಯಲಿ, ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಈರೇಶ್ ಸೊರಗಿದ್ದ. ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಒಂದು ಕ್ಷಣ ನಿಂತು, ಕಣ್ಣು ತಪ್ಪಿಸಿ ನೀರಿಗಿಳಿದ.

ಹೊಸ ಬ್ಯಾಚಿನವರು ಸೊಂಟದ ಮಟ್ಟದ ನೀರಿನಲ್ಲಿ ಸಾಲಾಗಿ ನಿಂತಿದ್ದರು. ಅವನ ದನಿಯಲ್ಲಿ ಜೀವವೇ ಇರಲಿಲ್ಲ. ಬಾಯಿಪಾಠ ಒಪ್ಪಿಸುವವನಂತೆ ಹೇಳುತ್ತಾ ಹೋದ.

"ಕೆಳಗೆ ಯಾರಿಗೆ ಬೇಕಾದ್ರೂ, ಯಾವಾಗ ಬೇಕಾದ್ರೂ ಸಾಕು ಅನ್ನಿಸಬಹುದು. ಅನ್ನಿಸಿದ್ರೆ ಮೇಲೆ ಹೋಗೋಣ ಅನ್ನಿ. ಜೊತೆಗಾರರು ಯಾಕೆ ಅಂತ ಕೇಳಂಗಿಲ್ಲ. ಆದ್ರೆ ಅವರನ್ನ ಒಬ್ಬರನ್ನೇ ಕಳಿಸಂಗಿಲ್ಲ. ಜೊತೆಗಾರರೂ ಅವರ ಜೊತೆಗೇ..."

ಮಾತು ಅಲ್ಲೇ ನಿಂತಿತು.

ಎಷ್ಟು ಬ್ಯಾಚುಗಳಿಗೆ ಹೇಳಿದ್ದನೋ ಆ ವಾಕ್ಯವನ್ನು. ಇವತ್ತು ಮೊದಲ ಸಲ ಅದು ಅವನಿಗೇ ಕೇಳಿಸಿತು.

"ಸಾರ್?" ಎಂದಳು ಮುಂದೆ ನಿಂತಿದ್ದ ಸ್ಫೂರ್ತಿ ಎಂಬ ಹುಡುಗಿ.

ಈರೇಶ್ ಏಣಿ ಹತ್ತಿ, ಮೈಯಿಂದ ನೀರು ಸುರಿಸುತ್ತಾ ನೇರ ಶ್ಯಾಮಲಾಳ ಕುರ್ಚಿಯ ಮುಂದೆ ಬಂದು ನಿಂತ. ಅವಳು ಎದ್ದಳು. ಜೋಡಿಸಿಟ್ಟ ಮಾತೆಲ್ಲಾ ಮರೆತೇಹೋಯಿತು.

"ನಾನು ಅರ್ಧ ಪಾಠ ಮರೆತೆ ರೀ," ಎಂದ. "ನಿಮ್ಮನ್ನ ಒಬ್ಬರನ್ನೇ ಮೇಲೆ ಕಳಿಸ್ಬಿಟ್ಟೆ."

"ನೀವು ಕೇಳ್ತೀರ ಅಂತ ಕಾದೆ ಈರೇಶ್. ಒಂದೇ ಒಂದ್ಸಲ."

"ಕೇಳಿದ್ರೆ ನಾನೂ ಆ ಮನುಷ್ಯನಂಗೆ ಆಗ್ಬಿಡ್ತೀನಿ ಅಂತ ಹೆದರಿಕೊಂಡೆ." ಬೆಂಗಳೂರಿನ ಮಾತು ಕಳಚಿ ಅವನ ಊರಿನದು ಹೊರಬಂತು. "ಈಗ ಕೇಳ್ತೀನ್ರಿ. ಹೇಳೋದು ಬಿಡೋದು ನಿಮಗ ಬಿಟ್ಟಿದ್ದು. ಯಾಕ್ರಿ? ಯಾಕ ಬ್ಯಾಡ ಅಂದ್ರಿ?"

ಶ್ಯಾಮಲಾ ಕೂದಲು ಸರಿಸಿ ಎಡಗಿವಿ ತೋರಿಸಿದಳು.

"ಅವನು ಹೊಡೆದದ್ದು. ನಿಮ್ಮ ಹತ್ರ ಇಲ್ಲ ಅಂತ ಸುಳ್ಳು ಹೇಳಿದ್ದೆ. ಸಮುದ್ರದಲ್ಲಿ ಮತ್ತೆ ಹರಿದೋಯ್ತು. ಇನ್ಮೇಲೆ ನಾನು ಕೆಳಗೆ ಬರೋ ಹಾಗಿಲ್ಲ. ನಿಮಗೆ ಬೇಕಾಗಿದ್ದು ಜೊತೆಗೆ ಇಳಿಯೋಳು. ದಡದಲ್ಲಿ ಕೂರೋ ಸುಸ್ತಾದ ಹೆಂಗಸನ್ನ ಕಟ್ಟಿಕೊಂಡು..."

ಈರೇಶನ ಕಣ್ಣು ಒದ್ದೆಯಾಗಿತ್ತು. ಕಿವಿಯನ್ನು ಮುಟ್ಟಲು ಕೈ ಎತ್ತಿದವನು ಮುಟ್ಟದೆ ನಿಲ್ಲಿಸಿದ. ಆ ಕೈಯನ್ನು ಅವಳೇ ಹಿಡಿದುಕೊಂಡಳು.

"ಒಂದು ಸಿಲಿಂಡರ್ ಗಾಳಿ ಎಷ್ಟೊತ್ತು ಬರ್ತದ್ರಿ? ಖಾಲಿ ಆದ ಮ್ಯಾಲೆ ಎಲ್ಲರೂ ಮ್ಯಾಲೇ ಬರ್ಬೇಕು. ನಾನು ಬದುಕೋದು ನೀರಾಗಲ್ಲ, ದಡದ ಮ್ಯಾಲೆ. ಅಲ್ಲಿ ನೀವು ಬೇಕ್ರಿ." ಅವನು ಮೂಗು ಎಳೆದುಕೊಂಡ. "ಈಗಲೇ ಫೋನ್ ಮಾಡ್ತೀನಿ. ಬರಲ್ಲ ಅಂತೀನಿ. ಇಲ್ಲೇ ಇದ್ದುಬಿಡ್ತೀನಿ."

"ಹುಚ್ಚಾ ನಿಮಗೆ?" ಶ್ಯಾಮಲಾ ಅಳುತ್ತಲೇ ಗದರಿದಳು. "ಆ ದ್ವೀಪದ ಮಕ್ಕಳಿಗೆ ಈಜು ಹೇಳಿಕೊಡೋರು ಬೇಡ್ವಾ? ನೀರಿನ ಮೇಲೆ ಮೇಲೆ ನಾನೂ ಇರ್ತೀನಿ. ನೀವು ಕೆಳಗೆ ಹೋಗಿ ಆ ಮುದಿ ಆಮೆ ನೋಡ್ಕೊಂಡು ಬನ್ನಿ. ಬಂದು ನನಗೆ ಹೇಳಿ."

"ಮತ್ತೆ ನೀವು ಯಾವತ್ತಾದ್ರೂ ಸಾಕು ಅಂದ್ರೆ?"

"ಜೊತೆಗೆ ಬನ್ನಿ. ಬಂದು ಕೇಳಿ."

"ಬೇಜಾರಾದ್ರೆ?"

"ಬೇಜಾರಾದ್ರೂ ಕೇಳಿ."

ಕೊಳದಿಂದ ಸ್ಫೂರ್ತಿಯ ದನಿ ಬಂತು. "ಸಾರ್, ಚಳಿ ಆಗ್ತಿದೆ. ನಾವು ಮೇಲೆ ಬರ್ಬಹುದಾ?"

"ಬನ್ನಿ ಮೇಡಂ," ಎಂದ ಈರೇಶ್. ಅವನು ತಿರುಗಲೂ ಇಲ್ಲ, ಹಿಡಿದ ಕೈ ಬಿಡಲೂ ಇಲ್ಲ.

"ಅವರನ್ನ ಯಾಕೆ ಅಂತ ಕೇಳಲ್ವಾ?" ಶ್ಯಾಮಲಾ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಅವರನ್ನ ಕೇಳಲ್ಲ ರೀ," ಎಂದ ಅವನು. "ನಿಮ್ಮನ್ನ ಮಾತ್ರ."